ಬಂದದ್ದು ನಿಜವೇ ಆದರೂ ಸಬ್ಜಂಕ್ಟಿವ್ ಯಾಕೆ? ಸ್ಪ್ಯಾನಿಷ್ ಭೂತಕಾಲದ ಒಂದು ಗಂಟು

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಸಂಜೆ ಹೊತ್ತು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಸ್ಪ್ಯಾನಿಷ್ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಡೆಲೆ ಪರೀಕ್ಷೆಯ ಬಿ2 ಹಂತಕ್ಕೆ ತಯಾರಿ ನಡೆದಿದೆ. ಕ್ರಿಯಾಪದಕ್ಕೆ ಸಬ್ಜಂಕ್ಟಿವ್ ಅಂತ ಒಂದು ಬೇರೆ ರೂಪ ಇದೆ, ಅದು ಅನುಮಾನ, ಆಸೆ, ಕಲ್ಪನೆ ಹೇಳಲು ಅಂತ ಓದಿದ್ದೆ. ಆದರೆ "ನೀನು ಬಂದದ್ದು ಖುಷಿಯಾಯಿತು" ಅನ್ನುವ ವಾಕ್ಯಕ್ಕೂ ಸಬ್ಜಂಕ್ಟಿವ್ ಹಾಕುತ್ತಾರೆ. ಗೆಳೆಯ ನಿಜವಾಗಿಯೂ ಬಂದಿದ್ದಾನೆ, ಇದರಲ್ಲಿ ಅನುಮಾನ ಎಲ್ಲಿದೆ? ಅದೇ "ನಾನು ಮನೆಗೆ ಬಂದಾಗ" ಅನ್ನುವುದಕ್ಕೆ ಸಬ್ಜಂಕ್ಟಿವ್ ಹಾಕಿದರೆ ತಪ್ಪು ಅಂದರು. "ನೀನು ಬರಬೇಕು ಅಂತ ಆಸೆ ಇತ್ತು" ಅನ್ನುವಲ್ಲೂ ನಾನು ಬರೆದ ರೂಪ ತಪ್ಪಾಯಿತು. ಹಿಂದೆ ನಡೆದದ್ದಕ್ಕೆ ಮೂರು ಬಗೆಯ ಸಬ್ಜಂಕ್ಟಿವ್ ಇದೆ. ಯಾವುದು ಎಲ್ಲಿ ಬರುತ್ತದೆ?

ಉತ್ತರ: ಮೊದಲು ಬರವಣಿಗೆಯ ವಿಷಯ ಹೇಳಿಬಿಡುತ್ತೇನೆ. ಸ್ಪ್ಯಾನಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ, ಬಾಯಲ್ಲಿ ಹೇಗೆ ಬರುತ್ತವೋ ಹಾಗೆ ಕೊಟ್ಟಿದ್ದೇನೆ. ಸ್ಪ್ಯಾನಿಷ್‌ನಲ್ಲಿ ಎಚ್ ಅಕ್ಷರಕ್ಕೆ ಸದ್ದಿಲ್ಲ. ಬಿ ಮತ್ತು ವಿ ಎರಡಕ್ಕೂ ಒಂದೇ ಸದ್ದು. ಹಾಗಾಗಿ ‘ಬರು’ ಎನ್ನುವ ಕ್ರಿಯಾಪದ ಇಲ್ಲಿ ‘ಬೆನೀರ್’. ದೀರ್ಘ ಇರುವಲ್ಲಿ ಒತ್ತು ಕೊಟ್ಟು ಓದಿ. ಈ ಒತ್ತು ಬಹಳ ಮುಖ್ಯ. ‘ಅಬ್ಲಾರ’ ಅಂದರೆ ‘ಮಾತಾಡು’ ಕ್ರಿಯಾಪದದ ಭೂತಕಾಲದ ಸಬ್ಜಂಕ್ಟಿವ್. ‘ಅಬ್ಲರಾ’ ಅಂದರೆ ಅವನು ಮುಂದೆ ಮಾತಾಡುತ್ತಾನೆ ಅಂತ. ಒತ್ತು ಜಾರಿದರೆ ನಿನ್ನೆಯದು ನಾಳೆಯದಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಗಂಟು ಇರುವುದು ‘ಅನುಮಾನ’ ಅನ್ನುವ ಆ ಮೊದಲ ಪಾಠದಲ್ಲೇ. ಅದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ದಾರಿಗೆ ಕೈಬಿಡುವ ಪಾಠ. ಘಟನೆ ನಡೆಯಿತಾ ಇಲ್ಲವಾ ಎಂದು ತಿಳಿಸುವುದು ಸಬ್ಜಂಕ್ಟಿವ್‌ನ ಕೆಲಸವೇ ಅಲ್ಲ. ಮಾತಾಡುವವರು ಆ ಸಂಗತಿಯನ್ನು ಕೇಳುವವರ ಮುಂದೆ ಸುದ್ದಿಯಾಗಿ ಇಡುತ್ತಿದ್ದಾರಾ, ಅಷ್ಟನ್ನು ನೋಡಿ. ಇಡುತ್ತಿದ್ದರೆ ಇಂಡಿಕೇಟಿವ್, ಅಂದರೆ ಕ್ರಿಯಾಪದದ ಸಾಮಾನ್ಯ ಹೇಳಿಕೆಯ ರೂಪ. ಇಡುತ್ತಿಲ್ಲ ಅಂದರೆ ಸಬ್ಜಂಕ್ಟಿವ್. ಸುದ್ದಿಯಾಗಿ ಇಡದೆ ಇರಲು ಕಾರಣ ಹಲವು. ಅದು ನಡೆದಿದೆ ಎಂಬ ನಂಬಿಕೆ ಇಲ್ಲದಿರಬಹುದು. ಅದು ಬರೀ ಆಸೆಯಾಗಿರಬಹುದು. ಅಥವಾ ಅದು ಇಬ್ಬರಿಗೂ ಮೊದಲೇ ಗೊತ್ತಿದ್ದು, ಈಗ ಅದರ ಮೇಲೆ ನಮ್ಮ ಅನಿಸಿಕೆ ಹೇಳುತ್ತಿರಬಹುದು.

ನಿಮ್ಮ ಗೆಳೆಯನ ವಾಕ್ಯ ಈ ಕೊನೆಯ ಜಾತಿಯದು. "ಮೆ ಅಲೆಗ್ರೋ ಕೆ ಬಿನಿಯೇರಸ್", ನೀನು ಬಂದದ್ದು ನನಗೆ ಖುಷಿಯಾಯಿತು. ಅವನು ಬಂದದ್ದು ಅವನಿಗೇ ಗೊತ್ತು. ಅದನ್ನು ಅವನಿಗೆ ಸುದ್ದಿಯಾಗಿ ಹೇಳುವ ಅಗತ್ಯವಿಲ್ಲ, ಅಲ್ವಾ? ವಾಕ್ಯದಲ್ಲಿ ಹೊಸದು ನಿಮ್ಮ ಖುಷಿ ಮಾತ್ರ. ಹಾಗಾಗಿ ‘ಖುಷಿಯಾಯಿತು’ ಅನ್ನುವುದು ಇಂಡಿಕೇಟಿವ್, ‘ಬಂದದ್ದು’ ಸಬ್ಜಂಕ್ಟಿವ್.

ಕನ್ನಡದಲ್ಲೂ ನಾವು ಇಲ್ಲೊಂದು ವ್ಯತ್ಯಾಸ ಮಾಡುತ್ತೇವೆ. "ನೀನು ಬಂದೆ ಅಂತ ಅಮ್ಮ ಹೇಳಿದ್ಲು" ಎನ್ನುತ್ತೇವೆ. "ನೀನು ಬಂದದ್ದು ಖುಷಿಯಾಯ್ತು" ಎನ್ನುತ್ತೇವೆ. ಮೊದಲನೆಯದರಲ್ಲಿ ‘ಬಂದೆ’ ತನ್ನ ಕಾಲ ಮೇಲೆ ನಿಂತ ಪೂರ್ತಿ ವಾಕ್ಯ. ಎರಡನೆಯದರಲ್ಲಿ ‘ಬಂದದ್ದು’ ಒಂದು ಹೆಸರಿನ ಹಾಗೆ ಸುಮ್ನೆ ಕೂತಿದೆ. ‘ಅಂತ’ ಹಾಕಿ ಪೂರ್ತಿ ವಾಕ್ಯ ಹೇಳುವ ಕಡೆ ಸ್ಪ್ಯಾನಿಷ್‌ನಲ್ಲಿ ಸಾಮಾನ್ಯವಾಗಿ ಇಂಡಿಕೇಟಿವ್ ಬರುತ್ತದೆ. ‘ಬಂದದ್ದು’, ‘ಬರಲಿ ಅಂತ’, ‘ಬರೋ ಮುಂಚೆ’, ‘ಬಂದ ಹಾಗೆ’ ಅನ್ನುವ ಕಡೆ ಬಹಳ ಸಲ ಸಬ್ಜಂಕ್ಟಿವ್ ಬರುತ್ತದೆ. ಇದನ್ನು ಕಿವಿಯ ಸಹಾಯಕ್ಕೆ ಇಟ್ಟುಕೊಳ್ಳಿ, ನಿಯಮ ಅಂತ ನಂಬಬೇಡಿ. "ಅವನು ಬಂದದ್ದು ಗೊತ್ತು" ಅನ್ನುವುದಕ್ಕೆ ಸ್ಪ್ಯಾನಿಷ್ "ಸೇ ಕೆ ಬೀನೊ", ಇಲ್ಲಿ ಇಂಡಿಕೇಟಿವ್. "ಅವನು ಬಂದ ಅಂತ ನನಗೆ ಅನಿಸಲ್ಲ" ಅನ್ನುವಲ್ಲಿ ‘ಅಂತ’ ಇದ್ದರೂ ಸಬ್ಜಂಕ್ಟಿವ್, ಯಾಕೆಂದರೆ ಬಂದ ಎಂದು ನೀವು ಒಪ್ಪುತ್ತಲೇ ಇಲ್ಲ.

ಒಂದೇ ಒಂದು ಜೋಡಿ ವಾಕ್ಯವನ್ನು ಹತ್ತಿರದಿಂದ ನೋಡಿ. "ಮೆ ದೀಹೊ ಕೆ ಬೆನೀಯ." "ಮೆ ದೀಹೊ ಕೆ ಬಿನಿಯೇರ." ಎರಡರಲ್ಲೂ ‘ಮೆ ದೀಹೊ’, ಅಂದರೆ ‘ನನಗೆ ಹೇಳಿದ’. ಮುಂದಿನ ಒಂದು ಪದ ಮಾತ್ರ ಬೇರೆ. ಮೊದಲನೆಯದರ ಅರ್ಥ "ಬರ್ತೀನಿ ಅಂದ". ಎರಡನೆಯದರ ಅರ್ಥ "ಬಾ ಅಂದ". ಮೊದಲನೆಯದರಲ್ಲಿ ಅವನು ಒಂದು ಸುದ್ದಿ ಕೊಟ್ಟ. ಎರಡನೆಯದರಲ್ಲಿ ಸುದ್ದಿ ಏನೂ ಇಲ್ಲ, ಒಂದು ಕೆಲಸ ಹೇಳಿದ, ಅಷ್ಟೇ. ಯಾರು ಬರಬೇಕು ಅನ್ನುವುದೇ ತಿರುಗಿಹೋಯಿತು! ಈ ಎರಡು ವಾಕ್ಯಗಳನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿ. ಸಬ್ಜಂಕ್ಟಿವ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ‘ಬಂದಾಗ’. "ಕ್ವಾಂದೊ ಯೆಗೇ ಅ ಕಾಸ", ನಾನು ಮನೆಗೆ ಬಂದಾಗ. ಬಂದದ್ದು ಆಗಿಹೋಗಿದೆ, ಅದನ್ನೇ ಕತೆಯ ಒಂದು ಹೆಜ್ಜೆಯಾಗಿ ಹೇಳುತ್ತಿದ್ದೀರಿ. ಇಂಡಿಕೇಟಿವ್ ಸರಿ. ನೀವು ‘ಯೆಗಾರ’ ಬರೆದದ್ದು ತಪ್ಪಾದದ್ದು ಇದಕ್ಕೇ. ಆದರೆ ಅದೇ ‘ಯೆಗಾರ’ ಸರಿಯಾಗುವ ಜಾಗವೂ ಇದೆ: "ಮೆ ದೀಹೊ ಕೆ ಮೆ ಯಮರೀಯ ಕ್ವಾಂದೊ ಯೆಗಾರ". ತಲುಪಿದ ಮೇಲೆ ಫೋನ್ ಮಾಡ್ತೀನಿ ಅಂದ. ಈ ಮಾತು ಆಡಿದಾಗ ಅವನಿನ್ನೂ ತಲುಪಿರಲಿಲ್ಲ. ಇಂದು ನಮಗೆ ಅದು ಹಳೆಯ ಕತೆ, ಆದರೆ ಅಂದು ಅವನಿಗೆ ಅದು ಮುಂದಿನದು. ಮುಂದಿನದನ್ನು ನಡೆದದ್ದಾಗಿ ಹೇಳಲು ಬರುವುದಿಲ್ಲ.

ಕಾಯುವ ಮಾತಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. "ಎಸ್ಪೆರೇ ಆಸ್ತ ಕೆ ಯೆಗೋ" ಅಂದರೆ ಅವನು ಬರುವ ತನಕ ಕಾದೆ, ಅವನು ಬಂದ. "ದೆಸಿದೀ ಎಸ್ಪೆರಾರ್ ಆಸ್ತ ಕೆ ಯೆಗಾರ" ಅಂದರೆ ಅವನು ಬರುವ ತನಕ ಕಾಯೋಣ ಅಂತ ತೀರ್ಮಾನ ಮಾಡಿದೆ. ಬಂದನೋ ಇಲ್ಲವೋ, ಈ ವಾಕ್ಯ ಹೇಳುವುದಿಲ್ಲ. ಕನ್ನಡದಲ್ಲಿ ಎರಡಕ್ಕೂ ‘ಬರುವ ತನಕ’ ಸಾಕು. ಆದ್ದರಿಂದಲೇ ನಮಗೆ ಇಲ್ಲಿ ಎಡವಟ್ಟಾಗುತ್ತದೆ.

‘ಮುಂಚೆ’ ಅನ್ನುವ ಪದಕ್ಕೆ ಮಾತ್ರ ಆಯ್ಕೆಯೇ ಇಲ್ಲ. "ಸಲೀ ಆಂತೆಸ್ ದೆ ಕೆ ಯೆಗಾರ", ಅವನು ಬರುವ ಮುಂಚೆಯೇ ನಾನು ಹೊರಟೆ. ಆಮೇಲೆ ಅವನು ಖಂಡಿತ ಬಂದಿದ್ದರೂ ಇಲ್ಲಿ ಸಬ್ಜಂಕ್ಟಿವ್ ಬಿಟ್ಟು ಬೇರೆ ಇಲ್ಲ. ನೀವು ಹೊರಟ ಆ ಹೊತ್ತಿನಲ್ಲಿ ನಿಂತು ನೋಡಿದರೆ ಅವನು ಬಂದಿಲ್ಲ, ಅಲ್ವಾ? ಭಾಷೆ ಆ ಹೊತ್ತನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ‘ಆದ ಮೇಲೆ’ ಅನ್ನುವ "ದೆಸ್ಪ್ವೇಸ್ ದೆ ಕೆ" ವಿಷಯ ಬೇರೆ. ನಡೆದ ಘಟನೆಗೆ ಇಂಡಿಕೇಟಿವ್ ಬರಬೇಕು ಅಂತ ನಾವು ಈಗ ತಾನೇ ನೋಡಿದೆವು, ಅದು ಸರಿಯೂ ಹೌದು. ಆದರೆ ಸ್ಪೇನ್‌ನ ಪತ್ರಿಕೆ ತೆರೆದರೆ ಇದರ ಜೊತೆ ಸಬ್ಜಂಕ್ಟಿವ್ ಜಾಸ್ತಿ ಕಾಣುತ್ತದೆ. ಎರಡೂ ನಡೆಯುತ್ತವೆ. ನೀವು ಇಂಡಿಕೇಟಿವ್ ಬರೆಯಿರಿ, ಎದುರು ಬಂದಾಗ ಸಬ್ಜಂಕ್ಟಿವ್ ಓದಿ ಗಾಬರಿಯಾಗಬೇಡಿ.

ಇನ್ನೊಂದು ಜಾಗ, ಹುಡುಕಾಟ. "ಬುಸ್ಕಾಬ ಉನ ಕಾಸ ಕೆ ತುಬಿಯೇರ ಬಲ್ಕೋನ್", ಬಾಲ್ಕನಿ ಇರುವ ಮನೆ ಹುಡುಕುತ್ತಿದ್ದೆ. ಅಂಥದೊಂದು ಮನೆ ಇದೆಯೋ ಇಲ್ಲವೋ, ಹುಡುಕುವಾಗ ಗೊತ್ತಿರಲಿಲ್ಲ. "ಎಂಕೊಂತ್ರೇ ಉನ ಕಾಸ ಕೆ ತೆನೀಯ ಬಲ್ಕೋನ್", ಬಾಲ್ಕನಿ ಇದ್ದ ಮನೆ ಸಿಕ್ಕಿತು. ಈಗ ಅದು ಕಣ್ಣೆದುರಿಗಿನ ಮನೆ. ಬಾಡಿಗೆ ಮನೆಗಾಗಿ ಅಲೆದವರಿಗೆ ಈ ಎರಡು ವಾಕ್ಯಗಳ ನಡುವಿನ ದೂರ ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟು ಹೊತ್ತು ಸಬ್ಜಂಕ್ಟಿವ್ ಹಾಕಬೇಕಾ ಬೇಡವಾ ಅನ್ನುವುದನ್ನು ನೋಡಿದೆವು. ಯಾವ ಕಾಲದ ಸಬ್ಜಂಕ್ಟಿವ್ ಅನ್ನುವುದು ಪೂರ್ತಿ ಬೇರೆ ಪ್ರಶ್ನೆ. ಕಲಿಯುವವರು ಇವೆರಡನ್ನೂ ಒಟ್ಟಿಗೆ ತೀರ್ಮಾನ ಮಾಡಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ದಯವಿಟ್ಟು ಒಂದಾದ ಮೇಲೆ ಒಂದು ಕೇಳಿಕೊಳ್ಳಿ.

ಇದಕ್ಕೆ ಒಂದು ಕೀಲಿ ಇದೆ. ಇಂಡಿಕೇಟಿವ್‌ನಲ್ಲಿ ಕಾಲಗಳು ಜಾಸ್ತಿ, ಸಬ್ಜಂಕ್ಟಿವ್‌ನಲ್ಲಿ ಕಮ್ಮಿ. ಹಾಗಾಗಿ ಒಂದೊಂದು ಸಬ್ಜಂಕ್ಟಿವ್ ರೂಪವೂ ಎರಡು ಮೂರು ಇಂಡಿಕೇಟಿವ್ ರೂಪಗಳ ಕೆಲಸ ಮಾಡುತ್ತದೆ. ‘ಬಿಯೇನೆ’ (ಬರುತ್ತಾನೆ) ಮತ್ತು ‘ಬೆಂದ್ರಾ’ (ಮುಂದೆ ಬರುತ್ತಾನೆ) ಎರಡರ ಜಾಗದಲ್ಲೂ ‘ಬೇಂಗ’. ‘ಅ ಬೆನೀದೊ’ (ಬಂದಿದ್ದಾನೆ) ಇದ್ದ ಕಡೆ ‘ಆಯ ಬೆನೀದೊ’. ‘ಬೀನೊ’ (ಬಂದ), ‘ಬೆನೀಯ’ (ಬರುತ್ತಿದ್ದ), ‘ಬೆಂದ್ರೀಯ’ (ಬರುತ್ತಾನೆ ಅಂತ ಆಗ ಅಂದುಕೊಂಡದ್ದು), ಈ ಮೂರಕ್ಕೂ ಒಂದೇ ‘ಬಿನಿಯೇರ’. ‘ಅಬೀಯ ಬೆನೀದೊ’ (ಅಷ್ಟರಲ್ಲಿ ಬಂದಿದ್ದ) ಮತ್ತು ‘ಅಬ್ರೀಯ ಬೆನೀದೊ’ (ಬಂದಿರುತ್ತಿದ್ದ) ಎರಡಕ್ಕೂ ‘ಉಬಿಯೇರ ಬೆನೀದೊ’.

ಈಗ ಮಾಡಬೇಕಾದದ್ದು ಸುಲಭ. ಸಬ್ಜಂಕ್ಟಿವ್ ಬರುವ ಮಾತನ್ನು ತೆಗೆದು, ಅದೇ ಸಂಗತಿಯನ್ನು ನೇರ ಸುದ್ದಿಯಾಗಿ ಹೇಳಿ ನೋಡಿ. ಅಲ್ಲಿ ಯಾವ ಕಾಲ ಬಂತೋ ಅದರ ಜೋಡಿಯನ್ನು ಇಲ್ಲಿ ತಂದು ಹಾಕಿ. "ನಿನ್ನೆ ಅವನು ಬಂದ ಅನಿಸುತ್ತೆ" ಎಂದರೆ "ಕ್ರೇಯೊ ಕೆ ಬೀನೊ ಅಯೇರ್". ಇದಕ್ಕೆ ‘ಇಲ್ಲ’ ಸೇರಿಸಿದರೆ "ನೊ ಕ್ರೇಯೊ ಕೆ ಬಿನಿಯೇರ ಅಯೇರ್". ಮುಖ್ಯ ಕ್ರಿಯಾಪದ ‘ಕ್ರೇಯೊ’ ವರ್ತಮಾನದಲ್ಲೇ ಇದೆ, ನೋಡಿ. "ಮುಖ್ಯ ಕ್ರಿಯಾಪದ ವರ್ತಮಾನದಲ್ಲಿದ್ದರೆ ಸಬ್ಜಂಕ್ಟಿವ್ ಕೂಡ ವರ್ತಮಾನ, ಭೂತದಲ್ಲಿದ್ದರೆ ಅದೂ ಭೂತ" ಅನ್ನುವ ಸೂತ್ರ ಬಹಳ ಕಡೆ ಓಡಾಡುತ್ತದೆ. ಅದನ್ನು ಕಣ್ಣು ಮುಚ್ಚಿ ನಂಬಿದರೆ ಈ ವಾಕ್ಯದಲ್ಲೇ ಎಡವುತ್ತೀರಿ. ಅನಿಸುವುದು ಇವತ್ತು, ಬಂದದ್ದು ನಿನ್ನೆ. ಒಂದೊಂದಕ್ಕೂ ಅದರದರ ಕಾಲ.

ನಾಲ್ಕೂ ರೂಪಗಳನ್ನು ಒಂದೇ ಅಚ್ಚಿನಲ್ಲಿ ಇಟ್ಟು ನೋಡೋಣ. "ನೊ ಕ್ರೇಯೊ ಕೆ ಬೇಂಗ", ಅವನು ಬರ್ತಾನೆ ಅಂತ ಅನಿಸಲ್ಲ. "ನೊ ಕ್ರೇಯೊ ಕೆ ಆಯ ಬೆನೀದೊ", ಅವನು ಬಂದಿದ್ದಾನೆ ಅಂತ ಅನಿಸಲ್ಲ. ಇಲ್ಲಿ ಕಣ್ಣು ಈ ಹೊತ್ತಿನ ಮೇಲಿದೆ, ಈಗ ಅವನು ಇಲ್ಲಿ ಇದ್ದಾನಾ ಇಲ್ಲವಾ ಅನ್ನುವುದೇ ಮಾತು. "ನೊ ಕ್ರೇಯೊ ಕೆ ಬಿನಿಯೇರ", ಅವನು ಆಗ ಬಂದ ಅಂತ ಅನಿಸಲ್ಲ. ಇದು ಮುಗಿದ ಕಾಲದ ಮಾತು. "ನೊ ಕ್ರೇಯೊ ಕೆ ಉಬಿಯೇರ ಬೆನೀದೊ", ಇದಕ್ಕೆ ಹಿಂದೆ ಇನ್ನೊಂದು ಗೊತ್ತಾದ ಹೊತ್ತು ಬೇಕು. ‘ನಾವು ತಲುಪುವಷ್ಟರಲ್ಲಿ ಬಂದಿದ್ದ’ ಅಂತ ಅನಿಸಲ್ಲ, ಅಥವಾ ‘ಕರೆದಿದ್ದರೂ ಬರುತ್ತಿದ್ದ’ ಅಂತ ಅನಿಸಲ್ಲ.

ಎರಡನೆಯದು ಮತ್ತು ಮೂರನೆಯದರ ನಡುವೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. "ಮೆ ಅಲೇಗ್ರ ಕೆ ಆಯಸ್ ಬೆನೀದೊ" ಅಂದರೆ ಗೆಳೆಯ ಈಗ ಬಾಗಿಲಲ್ಲೇ ನಿಂತಿದ್ದಾನೆ. ಮಾರನೆ ದಿನ ಅದನ್ನೇ ನೆನೆದು ಹೇಳುವಾಗ "ಮೆ ಅಲೇಗ್ರ ಕೆ ಬಿನಿಯೇರಸ್ ಅಯೇರ್". ‘ಅಯೇರ್’ (ನಿನ್ನೆ), ‘ಹೋದ ವರ್ಷ’ ಅಂಥ ಮುಗಿದ ಹೊತ್ತಿನ ಪದ ಇದ್ದರೆ ‘ಬಿನಿಯೇರ’ ಬರೆದುಬಿಡಿ, ಪರೀಕ್ಷೆಯಲ್ಲಿ ಕಷ್ಟವಾಗದು.

ನಾಲ್ಕನೆಯದಕ್ಕೆ ಒಂದು ಪೂರ್ತಿ ವಾಕ್ಯ: "ಮೆ ಸೊರ್ಪ್ರೆಂದಿಯೋ ಕೆ ಯ ಸೆ ಉಬಿಯೇರನ್ ಈದೊ", ಅವರೆಲ್ಲ ಆಗಲೇ ಹೊರಟುಹೋಗಿದ್ದದ್ದು ನನಗೆ ಆಶ್ಚರ್ಯವಾಯಿತು. ಆಶ್ಚರ್ಯ ಹಿಂದಿನದು, ಹೊರಟದ್ದು ಅದಕ್ಕೂ ಹಿಂದಿನದು. ಹಿಂದಿನದಕ್ಕೂ ಹಿಂದೆ ಅಂದರೆ ‘ಉಬಿಯೇರ’ ಕೈಹಿಡಿಯುತ್ತದೆ.

"ನೀನು ಬರಬೇಕು ಅಂತ ಆಸೆ ಇತ್ತು" ಅನ್ನುವ ನಿಮ್ಮ ವಾಕ್ಯ ತಪ್ಪಾದದ್ದು ಯಾಕೆ ಅಂತ ಈಗ ಹೇಳುವುದು ಸುಲಭ. ನೀವು ಬರೆದದ್ದು ಬಹುಶಃ "ಕೆರೀಯ ಕೆ ಬೇಂಗಸ್". ಬೇಕಾದದ್ದು "ಕೆರೀಯ ಕೆ ಬಿನಿಯೇರಸ್". ಈ ತಪ್ಪು ಕನ್ನಡದವರಿಗೆ ಬಲು ಸಹಜ. "ನೀನು ಬರಲಿ ಅಂತ ಆಸೆ ಇದೆ", "ನೀನು ಬರಲಿ ಅಂತ ಆಸೆ ಇತ್ತು": ನಮ್ಮ ‘ಬರಲಿ’ ಎರಡೂ ಕಡೆ ಹಾಗೇ ಇರುತ್ತದೆ. ಕಾಲವನ್ನು ‘ಇದೆ’, ‘ಇತ್ತು’ ನೋಡಿಕೊಳ್ಳುತ್ತವೆ. ಬೇರೆಯವರ ಮಾತನ್ನೂ ನಾವು "ನಾಳೆ ಬರ್ತೀನಿ ಅಂದ" ಅಂತ, ಅವರು ಆಡಿದ ಕಾಲದಲ್ಲೇ ಎತ್ತಿ ಹೇಳುತ್ತೇವೆ. ಸ್ಪ್ಯಾನಿಷ್ ಹಾಗಲ್ಲ. ಮುಖ್ಯ ಕ್ರಿಯಾಪದ ಹಿಂದಕ್ಕೆ ಹೋದರೆ ಅದಕ್ಕೆ ಜೋತುಬಿದ್ದ ಆಸೆ, ಅಪ್ಪಣೆ, ಉದ್ದೇಶ ಎಲ್ಲವೂ ಜೊತೆಗೆ ಹಿಂದಕ್ಕೆ ಹೋಗುತ್ತವೆ. ಬೇಕಿತ್ತು, ಕೇಳಿಕೊಂಡೆ, ಬೇಡ ಅಂದೆ, ‘ಆಗಲಿ ಅಂತ’ ಮಾಡಿದೆ, ಇಂಥವು ಬಂದ ಕೂಡಲೇ ಕೈ ‘ಬಿನಿಯೇರ’ ಕಡೆಗೆ ಹೋಗಬೇಕು. ನಿಮ್ಮ ಅಭ್ಯಾಸದ ಹೊತ್ತಿನಲ್ಲಿ ಅರ್ಧವನ್ನು ಇದೊಂದಕ್ಕೇ ಕೊಡಿ ಅನ್ನುತ್ತೇನೆ. ಕನ್ನಡದಿಂದ ಬರುವವರಿಗೆ ಉಳಿದದ್ದೆಲ್ಲ ಬೇಗ ಹತ್ತುತ್ತದೆ, ಇದು ಮಾತ್ರ ನಿಧಾನ.

ಅಂದಹಾಗೆ ಪೆರು, ಬೊಲಿವಿಯಾ ಕಡೆಯ ಆಂಡಿಸ್ ಬೆಟ್ಟದ ನಾಡಿನಲ್ಲಿ "ಕೆರೀಯ ಕೆ ಬೇಂಗಸ್" ಅಂತಲೇ ಜನ ಮಾತಾಡುತ್ತಾರೆ. ಅಲ್ಲಿ ಅದು ದಿನಬಳಕೆಯ ಮಾತು. ಕೇಳಿದರೆ ತಪ್ಪು ಅಂತ ತಿದ್ದಲು ಹೋಗಬೇಡಿ. ಆದರೆ ಪರೀಕ್ಷೆಯ ಹಾಳೆಯಲ್ಲಿ ‘ಬಿನಿಯೇರಸ್’ ಬರೆಯಿರಿ. ಹಾಗೆಯೇ ಮೆಕ್ಸಿಕೊದಲ್ಲಿ ಯಾರಾದರೂ ನಿಮ್ಮನ್ನು ಬಾಗಿಲಲ್ಲಿ ನೋಡಿ "ಕೆ ಬ್ವೇನೊ ಕೆ ಬಿನೀಸ್ತೆ" ಅಂದರೆ, ‘ನೀನು ಬಂದದ್ದು ಒಳ್ಳೇದಾಯ್ತು’ ಅಂತ ಅರ್ಥ. ಖುಷಿಯ ಮಾತೇ ಆದರೂ ಅಲ್ಲಿ ಇಂಡಿಕೇಟಿವ್ ಕೇಳಿಸುತ್ತದೆ. ಸ್ಪೇನ್‌ನಲ್ಲಾದರೆ ಆ ಜಾಗದಲ್ಲಿ ‘ಆಯಸ್ ಬೆನೀದೊ’ ಹೆಚ್ಚು.

‘ಇದ್ದರೆ’, ‘ಬಂದಿದ್ದರೆ’ ಅನ್ನುವ ವಾಕ್ಯಗಳಿಗೆ ಬರೋಣ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. "ಗೊತ್ತಿದ್ದಿದ್ದರೆ ಬರುತ್ತಿರಲಿಲ್ಲ" ಅನ್ನುವ ಮಾತಿನಲ್ಲಿ ನಾವೂ ನಡೆಯದ್ದನ್ನು ಹಿಂದಿನ ಕಾಲದ ರೂಪದಲ್ಲೇ ಹೇಳುತ್ತೇವೆ. ಸ್ಪ್ಯಾನಿಷ್‌ನಲ್ಲಿ "ಸಿ ಲೊ ಉಬಿಯೇರ ಸಬೀದೊ, ನೊ ಅಬ್ರೀಯ ಬೆನೀದೊ". ‘ಸಿ’ ಅಂದರೆ ನಮ್ಮ ‘ಇದ್ದರೆ’, ‘ಬಂದರೆ’ಯಲ್ಲಿನ ‘ರೆ’. ಅದು ಇರುವ ಭಾಗಕ್ಕೆ ‘ಉಬಿಯೇರ’. ಫಲ ಹೇಳುವ ಭಾಗಕ್ಕೆ ‘ಅಬ್ರೀಯ’, ಅಲ್ಲೂ ‘ಉಬಿಯೇರ’ ಹಾಕಬಹುದು, ಎರಡೂ ಸರಿ. ತಿರುಗಾಮುರುಗಾ ಮಾತ್ರ ಮಾಡಬೇಡಿ. ‘ಸಿ’ ಜೊತೆ ‘ಅಬ್ರೀಯ’ ಬಂದರೆ ಶಿಷ್ಟ ಭಾಷೆ ಒಪ್ಪುವುದಿಲ್ಲ. ಸ್ಪೇನ್‌ನ ಉತ್ತರದಲ್ಲಿ, ಬಾಸ್ಕ್ ನಾಡು ಮತ್ತು ಅದರ ಅಕ್ಕಪಕ್ಕದಲ್ಲಿ, ಹಾಗೆ ಮಾತಾಡುವವರು ಇದ್ದಾರೆ. ಆದರೂ ಬರವಣಿಗೆಯಲ್ಲಿ ಅದನ್ನು ತಪ್ಪು ಅಂತಲೇ ಎಣಿಸುತ್ತಾರೆ.

ಸ್ಪೇನ್‌ನಲ್ಲಿ ಬಾಯಿಮಾತಿನಲ್ಲಿ ಇದನ್ನೇ "ಸಿ ಲೊ ಸೇ, ನೊ ಬೇಂಗೊ" ಎಂದು ಮೊಟಕು ಮಾಡುತ್ತಾರೆ. ಎರಡೂ ವರ್ತಮಾನದ ಇಂಡಿಕೇಟಿವ್! ಆದರೆ ಹೇಳುವುದು ಹಿಂದಿನ ಮಾತು, ‘ಗೊತ್ತಿದ್ರೆ ಬರ್ತಾನೇ ಇರ್ಲಿಲ್ಲ’ ಅಂತ. ಬೇಸರದಲ್ಲಿ ಆಡುವ ಮಾತಿಗೆ ಇದು ಬಹಳ ಒಪ್ಪುತ್ತದೆ. ಪ್ರಬಂಧದಲ್ಲಿ ಬೇಡ.

‘ಸಿ’ ಕಂಡಲ್ಲೆಲ್ಲ ಸಬ್ಜಂಕ್ಟಿವ್ ಹಾಕುವವರೂ ಇದ್ದಾರೆ. "ಸಿ ಯೊಬೀಯ, ನೊ ಸಲೀಯಮೊಸ್" ನೋಡಿ. ಚಿಕ್ಕವರಿದ್ದಾಗ ಮಳೆ ಬಂದರೆ ಹೊರಗೆ ಹೋಗುತ್ತಿರಲಿಲ್ಲ. ಇದು ನಿಜವಾಗಿ ನಡೆಯುತ್ತಿದ್ದ ವಾಡಿಕೆ. ಮಳೆ ಬರುತ್ತಿತ್ತು, ನಾವು ಒಳಗೇ ಇರುತ್ತಿದ್ದೆವು. ಇಲ್ಲಿ ಕಲ್ಪನೆ ಏನೂ ಇಲ್ಲ, ಇಂಡಿಕೇಟಿವ್ ಸಾಕು. ಅದೇ "ಸಿ ಯೊಬಿಯೇರ" ಅಂದರೆ ಈಗಲೋ ಮುಂದೆಯೋ ಮಳೆ ಬಂದರೆ, ಬರುವ ಸಾಧ್ಯತೆ ಕಮ್ಮಿ, ಅನ್ನುವ ಧ್ವನಿ. ರೂಪ ಭೂತಕಾಲದ್ದು, ಮಾತು ಭೂತಕಾಲದ್ದಲ್ಲ. ಅಂಗಡಿಯಲ್ಲಿ "ಕಿಸಿಯೇರ ಉನ್ ಕಫೇ" ಅನ್ನುವುದೂ ಹಾಗೆಯೇ. ನಾವು ಮೆತ್ತಗೆ "ಒಂದು ಕಾಫಿ ಬೇಕಿತ್ತು" ಅನ್ನುವುದಿಲ್ಲವೇ? ಬೇಕಾಗಿರುವುದು ಈಗ, ಕ್ರಿಯಾಪದ ಮಾತ್ರ ವಿನಯಕ್ಕಾಗಿ ಹಿಂದಕ್ಕೆ ಸರಿದಿದೆ.

ನನಗೆ ಬಹಳ ಇಷ್ಟವಾದ ಬಳಕೆ ಒಂದಿದೆ, ಪಾಠದ ಪುಸ್ತಕಗಳು ಇದಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. "ಮೆ ಉಬಿಯೇರಸ್ ದೀಚೊ." ಮುಂದೆ ಏನೂ ಇಲ್ಲ, ಅಷ್ಟೇ ವಾಕ್ಯ. ‘ಮೊದಲೇ ಹೇಳಬಾರದಿತ್ತಾ’ ಅಂತ ಅರ್ಥ. ಮೆಕ್ಸಿಕೊದಲ್ಲಿ ಇದು ದಿನವೂ ಕಿವಿಗೆ ಬೀಳುವ ಮಾತು. ನೀವು ಊಟ ಮಾಡದೆ ಬಂದಿರುತ್ತೀರಿ, ಮನೆಯವರಿಗೆ ತಡವಾಗಿ ಗೊತ್ತಾಗುತ್ತದೆ. "ಮೆ ಉಬಿಯೇರಸ್ ದೀಚೊ!" ಅನ್ನುತ್ತಾರೆ. ಹೇಳಿದ್ದರೆ ಏನಾಗುತ್ತಿತ್ತು ಅನ್ನುವ ಭಾಗ ನುಂಗಿಹೋಗಿದೆ. ಉಳಿದದ್ದು ಪ್ರೀತಿ ಬೆರೆತ ಆಕ್ಷೇಪಣೆ.

‘ಹಾಗಾದರೆ ಸಾಕಪ್ಪಾ’ ಅಂತ ಹಾರೈಸುವ ‘ಒಹಲಾ’ ಎಂಬ ಪದದ ಜೊತೆಗೂ ಇದೇ ಲೆಕ್ಕ. "ಒಹಲಾ ಆಯ ಯೆಗಾದೊ" ಅಂದರೆ ಅವನು ತಲುಪಿದ್ದರೆ ಸಾಕಪ್ಪಾ ಅನ್ನುವ ಹಾರೈಕೆ, ತಲುಪಿದನೋ ಇಲ್ಲವೋ ನಮಗಿನ್ನೂ ಗೊತ್ತಿಲ್ಲ. "ಒಹಲಾ ಉಬಿಯೇರ ಯೆಗಾದೊ" ಅಂದರೆ ತಲುಪಬೇಕಿತ್ತು, ತಲುಪಲಿಲ್ಲ. ಆಸ್ಪತ್ರೆಗೆ ಹೊರಟವರ ಬಗ್ಗೆ ಮಾತಾಡುವಾಗ ಈ ಎರಡನ್ನು ಅದಲು ಬದಲು ಮಾಡಿದರೆ ಕೇಳುವವರ ಎದೆ ಧಸಕ್ ಅನ್ನುತ್ತದೆ. ಇನ್ನು ‘ಏನೂ ಆಗದ ಹಾಗೆ’ ಅನ್ನುವ ‘ಕೋಮೊ ಸಿ’ ನಂತರ ಯಾವಾಗಲೂ ‘ಬಿನಿಯೇರ’ ಅಥವಾ ‘ಉಬಿಯೇರ’ ಜಾತಿಯ ರೂಪವೇ: "ಕೋಮೊ ಸಿ ನಾದ ಉಬಿಯೇರ ಪಸಾದೊ". ಇದರ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ.

ರೂಪ ಮಾಡುವುದು ಹೇಗೆ? ಹೆದರಬೇಡಿ, ಸ್ಪ್ಯಾನಿಷ್‌ನಲ್ಲಿ ಒಂದೂ ಅಪವಾದವಿಲ್ಲದ ಅಪರೂಪದ ಜಾಗ ಇದು. ‘ಅವರು ಮಾಡಿದರು’ ಅನ್ನುವ ಭೂತಕಾಲದ ರೂಪ ತೆಗೆದುಕೊಳ್ಳಿ. ಕೊನೆಯ ‘ರೊನ್’ ಕಿತ್ತು ‘ರ’ ಹಾಕಿ. ‘ಅಬ್ಲಾರೊನ್’ ಇದ್ದದ್ದು ‘ಅಬ್ಲಾರ’. ‘ತುಬಿಯೇರೊನ್’ ಇದ್ದದ್ದು ‘ತುಬಿಯೇರ’. ‘ದಿಹೇರೊನ್’ ಇದ್ದದ್ದು ‘ದಿಹೇರ’. ‘ಇರು’ ಮತ್ತು ‘ಹೋಗು’ ಎರಡಕ್ಕೂ ‘ಫ್ವೇರೊನ್’, ಹಾಗಾಗಿ ಎರಡಕ್ಕೂ ‘ಫ್ವೇರ’. ಅಂದರೆ ನಿಮ್ಮ ಕಷ್ಟ ಸಬ್ಜಂಕ್ಟಿವ್‌ನದ್ದಲ್ಲ. ‘ದಿಹೇರೊನ್’, ‘ತ್ರಹೇರೊನ್’, ‘ಸುಪಿಯೇರೊನ್’ ಇವು ಬಾಯಿಪಾಠ ಇಲ್ಲದಿದ್ದರೆ ಮೊದಲು ಅದನ್ನು ಮುಗಿಸಿ. ಅರ್ಜೆಂಟೀನಾದವರು ‘ನೀನು’ ಅನ್ನುವುದಕ್ಕೆ ‘ತು’ ಬದಲು ‘ಬೋಸ್’ ಅನ್ನುತ್ತಾರೆ, ವರ್ತಮಾನದಲ್ಲಿ ಅದಕ್ಕೆ ಬೇರೆ ರೂಪಗಳಿವೆ. ಆದರೆ ಇಲ್ಲಿ ಎರಡಕ್ಕೂ ‘ಬಿನಿಯೇರಸ್’ ಒಂದೇ.

ಪುಸ್ತಕದಲ್ಲಿ ‘ಅಬ್ಲಾರ’ ಪಕ್ಕದಲ್ಲೇ ‘ಅಬ್ಲಾಸೆ’ ಅಂತ ಇನ್ನೊಂದು ರೂಪವೂ ಇರುತ್ತದೆ. ಎರಡರ ಅರ್ಥ ಒಂದೇ. ಲ್ಯಾಟಿನ್ ಅಮೆರಿಕದಲ್ಲಿ ‘ರ’ ರೂಪವೇ ಬಹುಪಾಲು. ಸ್ಪೇನ್‌ನಲ್ಲೂ ಅದೇ ಮುಂದು, ‘ಸೆ’ ರೂಪ ಬರವಣಿಗೆಯಲ್ಲಿ ಜಾಸ್ತಿ. ನೀವು ಒಂದನ್ನೇ ಕಲಿಯುವುದಾದರೆ ‘ರ’ ಕಲಿಯಿರಿ. ವಿನಯದ ‘ಕಿಸಿಯೇರ’ ಬದಲು ‘ಸೆ’ ರೂಪ ಹೇಳಲು ಬರುವುದಿಲ್ಲ.

ಹೀಗೆ ಎರಡು ಜೋಡಿ ಇರುವುದಕ್ಕೆ ಹಳೆಯ ಕಾರಣವಿದೆ. ‘ಸೆ’ ರೂಪ ಲ್ಯಾಟಿನ್‌ನಲ್ಲೂ ಸಬ್ಜಂಕ್ಟಿವ್ ಆಗಿತ್ತು. ‘ರ’ ರೂಪ ಮಾತ್ರ ಅಲ್ಲಿ ಇಂಡಿಕೇಟಿವ್. ‘ಪ್ರೀತಿಸಿದ್ದೆ’ ಅನ್ನುವ ಅರ್ಥದ ‘ಅಮಾವೆರಂ’ ಕ್ರಮೇಣ ಸವೆದು, ‘ಹಾಗಾಗಿದ್ದರೆ ಹೀಗಾಗಿರುತ್ತಿತ್ತು’ ಅನ್ನುವಂಥ ವಾಕ್ಯಗಳ ಮೂಲಕ ಸಬ್ಜಂಕ್ಟಿವ್ ಕಡೆಗೆ ಜಾರಿತು. ಪಕ್ಕದ ಪೋರ್ಚುಗೀಸ್ ಮತ್ತು ಗಲೀಸಿಯನ್ ಭಾಷೆಗಳಲ್ಲಿ ಆ ರೂಪಕ್ಕೆ ಇಂದಿಗೂ ‘ಮಾಡಿದ್ದ’ ಅನ್ನುವ ಹಳೆಯ ಅರ್ಥ ಉಳಿದಿದೆ.

ಇದು ನಿಮಗೆ ಯಾಕೆ ಬೇಕು ಅಂದರೆ, ಬಿ2 ಹಂತದಲ್ಲಿ ಪತ್ರಿಕೆಯ ಬರಹಗಳನ್ನು ಓದಬೇಕಾಗುತ್ತದೆ. ಅಲ್ಲಿ "ಎಲ್ ಕೆ ಫ್ವೇರ ಪ್ರೆಸಿದೇಂತೆ" ಅನ್ನುವಂಥ ಮಾತು ಸಿಗುತ್ತದೆ, ‘ಹಿಂದೆ ಅಧ್ಯಕ್ಷರಾಗಿದ್ದವರು’ ಅಂತ. ಇಲ್ಲಿ ಅನುಮಾನವಿಲ್ಲ, ಆಸೆಯಿಲ್ಲ, ಅನಿಸಿಕೆಯೂ ಇಲ್ಲ. ನಾನು ಮೇಲೆ ಹೇಳಿದ ಯಾವ ಲೆಕ್ಕಕ್ಕೂ ಇದು ಸಿಗುವುದಿಲ್ಲ, ಯಾಕೆಂದರೆ ಇದು ವೇಷ ಬದಲಿಸದೆ ಉಳಿದ ಆ ಹಳೆಯ ಇಂಡಿಕೇಟಿವ್. ಓದುವಾಗ ‘ಆಗಿದ್ದ’ ಅಂತ ಅರ್ಥ ಮಾಡಿಕೊಂಡು ಮುಂದೆ ಹೋಗಿ. ಸ್ವಂತ ಬರವಣಿಗೆಯಲ್ಲಿ ‘ಅಬೀಯ ಸೀದೊ’ ಅನ್ನುವ ನೇರ ರೂಪವೇ ಚೆಂದ.

ಇದೇ ಹಾದಿಯಲ್ಲಿ ‘ಫ್ವೇರೆ’, ‘ಅಬ್ಲಾರೆ’ ಅಂತ ‘ರೆ’ಯಲ್ಲಿ ಮುಗಿಯುವ ರೂಪ ಕಂಡರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಅದು ಭವಿಷ್ಯದ ಸಬ್ಜಂಕ್ಟಿವ್. ಮಾತಿನಿಂದ ಮರೆಯಾಗಿ ಬಹಳ ಕಾಲವಾಯಿತು, ಕಾನೂನಿನ ಭಾಷೆಯಲ್ಲಿ ಮಾತ್ರ ಗಟ್ಟಿಯಾಗಿ ಕೂತಿದೆ. ಸ್ಪೇನ್‌ನ 1995ರ ದಂಡ ಸಂಹಿತೆಯ 138ನೇ ವಿಧಿ ಶುರುವಾಗುವುದೇ "ಎಲ್ ಕೆ ಮತಾರೆ ಅ ಓತ್ರೊ" ಎಂದು, ‘ಇನ್ನೊಬ್ಬನನ್ನು ಕೊಂದವನು’ ಅಂತ. ಗಾದೆಯಲ್ಲೂ ಉಳಿದಿದೆ: "ಅದೋಂದೆ ಫ್ವೇರೆಸ್, ಅಸ್ ಲೊ ಕೆ ಬಿಯೇರೆಸ್", ಎಲ್ಲಿಗೆ ಹೋಗುತ್ತೀಯೋ ಅಲ್ಲಿ ಕಂಡ ಹಾಗೆ ಮಾಡು. ಡೆಲೆ ಬಿ2ಗೆ ಈ ರೂಪವನ್ನು ಬರೆಯಲು ಕಲಿಯುವ ಅಗತ್ಯವಿಲ್ಲ, ಗುರುತು ಹಿಡಿದರೆ ಸಾಕು.